‘ಯಾವ ಮಾರ್ಕ್?’ ಅಂದರೆ ಉತ್ತರ ಇರಬೇಕು: ಸುಂಟಿಕೊಪ್ಪದ ಕಾಫಿಪುಡಿಗೊಂದು ಲೋಗೋ

ಕೊಡಗಿನ ಕುಶಾಲನಗರದ ಒಂದು ದಿನಸಿ ಅಂಗಡಿಯ ಒಂದೇ ಸಾಲಿನಲ್ಲಿ ಆನೆ ಇರುವ ಕಾಫಿಪುಡಿ ಪ್ಯಾಕೆಟ್‌ಗಳು ಮೂರಿದ್ದವು. ಮೂರೂ ಬೇರೆ ಬೇರೆಯವರದ್ದು. ಗುಡ್ಡ, ಮಂಜು ಇದ್ದವು ಇನ್ನೂ ಜಾಸ್ತಿ. ಕಾಫಿ ಕಾಳಿನ ಚಿತ್ರ ಇಲ್ಲದ್ದು ಒಂದೂ ಇರಲಿಲ್ಲ. ಮೈಸೂರು ಕಡೆಯ ಗಿರಾಕಿ ಬಂದು "ಹೋದ ಸಲ ತಗೊಂಡಿದ್ದೆ, ಆನೆ ಇತ್ತು, ಅದನ್ನೇ ಕೊಡಿ" ಅಂದರೆ ಅಂಗಡಿಯವರು ಕೈಗೆ ಸಿಕ್ಕ ಆನೆಯನ್ನು ಕೊಡುತ್ತಿದ್ದರು. ಅವರದೇನೂ ತಪ್ಪಿಲ್ಲ. ಮನೆಗೆ ಹೋಗಿ ಕಾಫಿ ಮಾಡಿ ಕುಡಿದ ಮೇಲಷ್ಟೇ ಗಿರಾಕಿಗೆ ಈ ಸಲ ರುಚಿ ಬೇರೆ ಇದೆ ಅನ್ನಿಸುತ್ತಿತ್ತು.

ಆ ಮೂರು ಆನೆಗಳಲ್ಲಿ ಒಂದು ಸುಂಟಿಕೊಪ್ಪದ ಹತ್ತಿರದ ಒಬ್ಬ ತಾಯಿ, ಮಗನದು. ಅವರ ಲೋಗೋವನ್ನು ನಾನು ಬದಲಾಯಿಸಿಕೊಟ್ಟ ಪ್ರಕರಣ ಇದು. ಹೆಸರು ಬರೆಯುವುದು ಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಮುಂದೆ ಅಕ್ಷರಗಳ ವಿಷಯ ಬರುವುದರಿಂದ ಇಷ್ಟು ಹೇಳುತ್ತೇನೆ: ತೋಟದ ಕೆಳಗೆ ಹರಿಯುವ ತೊರೆಯ ಹೆಸರನ್ನೇ ಪುಡಿಗೂ ಇಟ್ಟಿದ್ದಾರೆ. ಚಿಕ್ಕ ಹೆಸರು. ಕೊನೆಗೆ ‘ಳ್ಳ’ ಬರುತ್ತದೆ.

ತೋಟ ದೊಡ್ಡದಲ್ಲ. ಬಹುಪಾಲು ರೋಬಸ್ಟಾ ಜಾತಿಯ ಕಾಫಿ. ನೆರಳು ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮೊದಲು ಎಲ್ಲರ ಹಾಗೆ ಚೆರಿ, ಅಂದರೆ ಕಾಫಿ ಹಣ್ಣು, ಒಣಗಿಸಿ ಮೂಟೆ ಲೆಕ್ಕದಲ್ಲಿ ವ್ಯಾಪಾರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಒಂದು ಭಾಗವನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ ಮಾರಲು ಶುರು ಮಾಡಿದ್ದು ತಾಯಿ. ಅವರನ್ನು ನಾನು ಅಕ್ಕ ಅನ್ನುತ್ತೇನೆ. ಹುರಿಯುವ ಕೆಲಸವನ್ನು ಈಗಲೂ ಅವರು ಬೇರೆಯವರಿಗೆ ಬಿಡುವುದಿಲ್ಲ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಪ್ಯಾಕಿಂಗ್, ಕೊರಿಯರ್, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತಾನೆ. ಕಾಫಿಪುಡಿ, ಕರಿಮೆಣಸು, ವರ್ಷದಲ್ಲಿ ಸ್ವಲ್ಪ ದಿನ ಜೇನು. ಇಷ್ಟೇ ಸರಕು.

ಪುಡಿಯ ಬಗ್ಗೆ ಯಾರದ್ದೂ ದೂರಿರಲಿಲ್ಲ. ಕುಡಿದವರು ಮತ್ತೆ ಕೇಳುತ್ತಿದ್ದರು. ಆದರೆ ಹೇಗೆ ಕೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಹಳೆಯ ಲೇಬಲ್

ಹಳೆಯದನ್ನು ಮಗ ಫೋನಿನ ಆಪ್ ಒಂದರಲ್ಲಿ ಮಾಡಿದ್ದ. ಹಿಂದೆ ಗುಡ್ಡದ ಸಾಲು, ಅದರ ಮೇಲೆ ಸೂರ್ಯ, ಮುಂದೆ ಆನೆ, ಆನೆಯ ಕಾಲ ಕೆಳಗೆ ಎರಡು ಕಾಳು, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ. ‘ಕೂರ್ಗ್’ ಎಂಬುದು ಇಂಗ್ಲಿಷಿನಲ್ಲಿ ದಪ್ಪಗೆ. ಬ್ರ್ಯಾಂಡಿನ ಹೆಸರು ಅದರ ಕೆಳಗೆ ಸಣ್ಣಗೆ. ಬಣ್ಣ ಐದಾರು. ಫೋನಿನ ಪರದೆಯಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಕಂದು ಬಣ್ಣದ ಕ್ರಾಫ್ಟ್ ಕಾಗದದ ಪೌಚಿನ ಮೇಲೆ ಅಂಟಿಸಿದಾಗ ಆನೆಯ ಬೂದಿ, ಗುಡ್ಡದ ಹಸಿರು, ಪೌಚಿನ ಕಂದು ಎಲ್ಲ ಒಂದರೊಳಗೊಂದು ಮುಳುಗಿ ಹೋಗುತ್ತಿದ್ದವು. ನೂರು ಗ್ರಾಂ ಮೆಣಸಿನ ಪ್ಯಾಕೆಟ್ಟಿಗೆ ಅದನ್ನೇ ಚಿಕ್ಕದು ಮಾಡಿದ್ದರು. ಅದರಲ್ಲಿ ಆನೆ ಯಾವುದು, ಕಾಳು ಯಾವುದು ಗೊತ್ತಾಗದು.

ಆಪ್‌ಗಳ ಇನ್ನೊಂದು ತೊಂದರೆ ಹೇಳಲೇಬೇಕು. ಅದರಲ್ಲಿರುವ ಆನೆ ನಿಮ್ಮೊಬ್ಬರಿಗೆ ಬರೆದ ಆನೆ ಅಲ್ಲ. ಅದೇ ಆಪ್ ಬಳಸುವ ಎಲ್ಲರಿಗೂ ಸಿಗುವ ಚಿತ್ರ. ನಾಳೆ ಮೂಡಿಗೆರೆಯಲ್ಲೋ ವಯನಾಡಿನಲ್ಲೋ ಯಾರಾದರೂ ಅದನ್ನೇ ಹಾಕಿದರೆ ಇದು ನಮ್ಮದು ಅಂತ ಜಗಳ ಮಾಡಲು ಆಗುವುದಿಲ್ಲ.

ಕಾಳಿನ ಚಿತ್ರದಲ್ಲಿ ಅಕ್ಕನ ಕಣ್ಣಿಗೆ ಬಿದ್ದ ತಪ್ಪು ಬೇರೆಯೇ. "ಇದು ನಮ್ಮ ಕಾಳೇ ಅಲ್ಲ" ಅಂದರು. ನಿಜ. ನೆಟ್‌ನಲ್ಲಿ ಸಿಗುವ ಕಾಫಿ ಕಾಳಿನ ಚಿತ್ರಗಳೆಲ್ಲ ಉದ್ದುದ್ದ, ನಡುವಿನ ಗೀರು ಹಾವಿನಂತೆ ಬಳುಕಿರುತ್ತದೆ. ಅದು ಅರೇಬಿಕಾ ಎಂಬ ಇನ್ನೊಂದು ಜಾತಿಯ ರೂಪ. ರೋಬಸ್ಟಾ ಕಾಳು ಗುಂಡಗೆ, ಗೀರು ಹೆಚ್ಚುಕಮ್ಮಿ ನೆಟ್ಟಗೆ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು, ಅದರಲ್ಲಿ ಬಹುಪಾಲು ರೋಬಸ್ಟಾ. ಆದರೂ ನಮ್ಮ ಪ್ಯಾಕೆಟ್‌ಗಳ ಮೇಲೆಲ್ಲ ಅರೇಬಿಕಾ ಕಾಳಿನ ಚಿತ್ರವೇ.

ಕೊಡಗಿನ ಗುರುತು ಎಲ್ಲರದ್ದು

ಮಗನ ಆಸೆ ಸಹಜವಾದದ್ದು. ಹೊರಗಿನವರು ಕೊಡಗು ಅಂತಲೇ ಕೊಳ್ಳುತ್ತಾರೆ, ಹಾಗಾಗಿ ಲೋಗೋದಲ್ಲಿ ಕೊಡಗು ಕಾಣಲೇಬೇಕು ಅನ್ನುವುದು ಅವನ ವಾದ. ಮಡಿಕೇರಿ ರಸ್ತೆಯಲ್ಲಿ ಒಂದು ಸಲ ಬೋರ್ಡುಗಳನ್ನು ನೋಡುತ್ತಾ ಹೋದರೆ ಇದರ ಫಲ ಏನು ಅಂತ ಗೊತ್ತಾಗುತ್ತದೆ. ಹೋಮ್‌ಮೇಡ್ ಚಾಕೊಲೇಟ್, ಮಸಾಲೆ ಪದಾರ್ಥ, ವೈನ್, ಜೇನು, ಹೋಮ್‌ಸ್ಟೇ. ಎಲ್ಲಕ್ಕೂ ಗುಡ್ಡ, ಎಲ್ಲಕ್ಕೂ ಕಾಳು. ಕೆಲವಕ್ಕೆ ಪೀಚೆಕತ್ತಿ. ಪೀಚೆಕತ್ತಿ ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ. ಅದನ್ನು ತಮ್ಮ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆಯ ಜೊತೆ ಗೌರವದಿಂದ ತೊಡುತ್ತಾರೆ. ಅದನ್ನು ಕಂಡಕಂಡ ಪೊಟ್ಟಣದ ಮೇಲೆ ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಾವೇರಮ್ಮನ ಚಿತ್ರವೂ ಹಾಗೇ. ಪ್ಯಾಕೆಟ್ ಹರಿದ ಮೇಲೆ ಹೋಗುವುದು ಕಸದ ಬುಟ್ಟಿಗೆ ಅಲ್ವಾ.

ಗುಡ್ಡ, ಆನೆ, ಕಾಳು ನೋಡಿದರೆ ಇದು ಕೊಡಗಿನ ಕಾಫಿ ಅಂತ ಗೊತ್ತಾಗುತ್ತದೆ. ಕೊಡಗಿನಲ್ಲಿ ಯಾರ ಕಾಫಿ ಅಂತ ಗೊತ್ತಾಗುವುದಿಲ್ಲ. ಲೋಗೋ ಹೇಳಬೇಕಾದ್ದು ಎರಡನೆಯದನ್ನು. ಕೊಡಗಿನ ಹೆಸರನ್ನು ಲೇಬಲ್ಲಿನ ಕೆಳಗೆ ವಿಳಾಸದ ಜಾಗದಲ್ಲಿ ಧಾರಾಳವಾಗಿ ಹಾಕಿಕೊಳ್ಳಬಹುದು.

ಕಾನೂನು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಬರೀ ಊರನ್ನೋ, ಸರಕಿನ ಜಾತಿಯನ್ನೋ ಹೇಳುವ ಮಾತನ್ನು ಒಬ್ಬರು ತಮ್ಮದೇ ಮಾರ್ಕ್ ಮಾಡಿಕೊಳ್ಳಲು ಆಗುವುದಿಲ್ಲ. ‘ಕೂರ್ಗ್ ಕಾಫಿ’ ಎಂಬುದು ಯಾರೊಬ್ಬರ ಸ್ವತ್ತೂ ಆಗಲಾರದು. ಇನ್ನು ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ಅದನ್ನು ದೊಡ್ಡದಾಗಿ ಹಾಕೋಣ ಅಂತ ಮಗ ಕೇಳಿದ್ದ. ಬೇಡ ಅಂದೆ. ಇವರ ಪುಡಿಯಲ್ಲಿ ಇರುವುದು ಹೆಚ್ಚಾಗಿ ರೋಬಸ್ಟಾ. ಅರೇಬಿಕಾ ಬೆಳೆಯುವವರೂ ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಂಡೇ ಆ ಗುರುತು ಬಳಸಬೇಕು.

ಬಾಯಲ್ಲಿ ಹೇಳಲು ಬರುವ ಚಿತ್ರ

ನಮ್ಮ ಕಡೆ ಅಂಗಡಿಯಲ್ಲಿ ಜನ ಬ್ರ್ಯಾಂಡಿನ ಹೆಸರು ಹೇಳಿ ಕೇಳುವುದು ಕಮ್ಮಿ. "ಯಾವ ಮಾರ್ಕ್ ಕೊಡ್ಲಿ?" ಅಂತ ಅಂಗಡಿಯವರು ಕೇಳುತ್ತಾರೆ. ಕುದುರೆ ಮಾರ್ಕ್, ನವಿಲು ಮಾರ್ಕ್, ಕತ್ತರಿ ಮಾರ್ಕ್ ಅಂತ ಉತ್ತರ ಬರುತ್ತದೆ. ಬೆಂಕಿಪೊಟ್ಟಣದಿಂದ ಹಿಡಿದು ರಸಗೊಬ್ಬರದವರೆಗೆ ಹೀಗೇ. ಓದಲು ಬಾರದವರಿಗೂ ಇದು ಸಾಕು. ಫೋನಿನಲ್ಲಿ ತರಕಾರಿ ಪಟ್ಟಿ ಹೇಳುವವರಿಗೂ ಸಾಕು.

ಒಳ್ಳೆಯ ಲೋಗೋಗೆ ನಾನು ಮೊದಲು ಇಡುವ ಪರೀಕ್ಷೆ ಇದು. ಚಿತ್ರವನ್ನು ಒಂದೆರಡು ಮಾತಿನಲ್ಲಿ ಹೇಳಲು ಬರಬೇಕು. ಕೇಳಿದವರಿಗೆ ನೋಡದೆಯೂ ಗುರುತು ಸಿಗಬೇಕು. ಸ್ಟೇಟ್ ಬ್ಯಾಂಕಿನ ಲೋಗೋ ನೋಡಿ. 1971ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯ ಶೇಖರ್ ಕಾಮತ್ ಮಾಡಿದ್ದು. ನೀಲಿ ವೃತ್ತ, ನಡುವೆ ಬೀಗದ ಕಿಂಡಿಯಂಥ ತೂತು. ಚಿಕ್ಕ ಮಕ್ಕಳೂ ಬರೆದು ತೋರಿಸುತ್ತಾರೆ. ಮೈಸೂರು ಸ್ಯಾಂಡಲ್ ಸೋಪಿನ ಶರಭ ಇನ್ನೊಂದು ರೀತಿ. ಸಿಂಹದ ಮೈ, ಆನೆಯ ತಲೆ. ಗೆರೆ ಜಾಸ್ತಿ ಇದ್ದರೂ ಬೇರೆ ಯಾವ ಸೋಪಿನ ಮೇಲೂ ಅಂಥ ಪ್ರಾಣಿ ಇಲ್ಲ, ಒಮ್ಮೆ ಕಂಡರೆ ಮರೆಯುವುದಿಲ್ಲ.

ಹಾಗಾದರೆ ಇವರಿಗೆ ಯಾವ ಚಿತ್ರ? ಇದಕ್ಕೆ ಕಂಪ್ಯೂಟರ್ ಮುಂದೆ ಕೂತು ಪ್ರಯೋಜನ ಇರಲಿಲ್ಲ. ತೋಟ, ಕಣ, ಗೋದಾಮು, ಹುರಿಯುವ ಕೊಟ್ಟಿಗೆ ಎಲ್ಲ ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡೆ. ಒಣಹಾಕಿದ ಕಾಫಿಯನ್ನು ಕಣದಲ್ಲಿ ಎಳೆದಾಗ ಮೂಡುವ ಉದ್ದದ ಗೆರೆಗಳು ಚೆಂದ ಇದ್ದವು. ಬರೆದು ತೋರಿಸಿದರೆ ಎಲ್ಲರೂ "ನೀರಾ?" ಅಂದರು. ತೊರೆಯ ಏಡಿಯನ್ನೂ ಬರೆದೆ. ಮಳೆಗಾಲದಲ್ಲಿ ಏಡಿ ಹಿಡಿಯುವ ತೊರೆ ಅದು. ಏಡಿ ಮಾರ್ಕ್ ಅನ್ನುವುದು ಬಾಯಿಗೂ ಸಲೀಸು. ಆದರೆ ಪ್ಯಾಕೆಟ್ಟಿನ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ, ಅದರ ಪಕ್ಕದಲ್ಲೇ ಏಡಿ. "ಮಾಂಸ ತಿನ್ನದವರು ಕೈಗೇ ತಗೊಳಲ್ಲ" ಅಂತ ಅಕ್ಕ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಸರಿಯಾದ ಮಾತೇ.

ಗೋದಾಮಿನ ಹೊರಗೋಡೆಗೆ ಒಂಟಿ ಬಿದಿರಿನ ಏಣಿಗಳನ್ನು ಒರಗಿಸಿಟ್ಟಿದ್ದರು. ಮೆಣಸು ಕೊಯ್ಯುವ ಏಣಿ. ಒಂದೇ ಗಳ. ಬಿದಿರಿನ ಗಿಣ್ಣಿನಲ್ಲಿ ಕೊಂಬೆಯನ್ನು ಪೂರ್ತಿ ಸವರದೆ ಗೇಣುದ್ದ ಬಿಟ್ಟಿರುತ್ತಾರೆ. ಅದೇ ಮೆಟ್ಟಿಲು. ಒಂದು ಎಡಕ್ಕೆ, ಮೇಲಿನದು ಬಲಕ್ಕೆ, ಅದರ ಮೇಲಿನದು ಮತ್ತೆ ಎಡಕ್ಕೆ. ಸಿಲ್ವರ್ ಓಕ್ ಮರಕ್ಕೆ ಇದನ್ನು ಕಟ್ಟಿ, ಪಾದದ ನಡುಭಾಗವನ್ನು ಆ ತುಂಡಿನ ಮೇಲೆ ಊರಿ ಹತ್ತುತ್ತಾರೆ. ಕಾಲು ಊರಿ ಊರಿ ತುಂಡುಗಳ ಮೇಲ್ಮೈ ನುಣುಪಾಗಿ ಹೊಳೆಯುತ್ತಿತ್ತು. ಮರಗಸಿಗೂ, ಅಂದರೆ ನೆರಳು ಮರಗಳ ಕೊಂಬೆ ಸವರುವುದಕ್ಕೂ, ಇದೇ ಏಣಿ.

ಪುಸ್ತಕದಲ್ಲಿ ಒಂದು ಗೆರೆ ಎಳೆದು, ಆಚೀಚೆ ಗಿಡ್ಡ ಗೆರೆ ಹಾಕಿದೆ. ಏಣಿಯೂ ಹೌದು, ಎಲೆ ಚಿಗುರಿದ ಕಡ್ಡಿಯ ಹಾಗೂ ಕಾಣುತ್ತದೆ. ಕಾಫಿ ತೋಟದಲ್ಲೂ ಇದರ ಕೆಲಸ ಇದೆ, ಮೆಣಸಿಗೂ ಇದೆ. ಅಂಗಡಿ ಸಾಲಿನಲ್ಲಿ ಇನ್ನೊಂದು ಏಣಿ ಇಲ್ಲ. ಏಣಿ ಮಾರ್ಕ್ ಅಂತ ಹೇಳಲು ಯಾರಿಗೂ ಕಷ್ಟ ಇಲ್ಲ.

ಅಕ್ಕ ಒಪ್ಪಲಿಲ್ಲ

"ಇದು ಕೆಲಸದ ಸಾಮಾನು. ಯಾರಾದ್ರೂ ಪ್ಯಾಕೆಟ್ ಮೇಲೆ ಹಾಕ್ತಾರಾ?" ಇದು ಅಕ್ಕನ ಮೊದಲ ಪ್ರಶ್ನೆ. ಮಗನಿಗೂ ಸಮಾಧಾನ ಇರಲಿಲ್ಲ. "ಅವ್ವ ಹೇಳೋದು ಸರಿ, ಇದು ಪ್ರೀಮಿಯಂ ಅನ್ನಿಸಲ್ಲ" ಅಂದ.

ನಾನು ಒತ್ತಾಯ ಮಾಡಲಿಲ್ಲ. ಹಳೆಯ ಲೇಬಲ್ಲನ್ನೂ ಹೊಸ ಚಿತ್ರವನ್ನೂ ಬೇರೆ ಬೇರೆ ಚೀಟಿಯಲ್ಲಿ ಇಟ್ಟುಕೊಂಡು ಸುಂಟಿಕೊಪ್ಪ ಪೇಟೆಯಲ್ಲಿ ಪರಿಚಯದವರಿಗೆ ತೋರಿಸಿದೆವು. ಅಂಗಡಿಯವರು, ಜೀಪ್ ಓಡಿಸುವವರು, ಪಕ್ಕದ ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವವರು. ಸ್ವಲ್ಪ ಹೊತ್ತು ತೋರಿಸುವುದು, ತೆಗೆದುಬಿಡುವುದು. ಮಾರನೆಯ ದಿನ ಹೋಗಿ, ನಿನ್ನೆ ನೋಡಿದ್ದನ್ನು ಪೆನ್ನಿನಲ್ಲಿ ಬರೆದು ತೋರಿಸಿ ಅನ್ನುವುದು. ಹಳೆಯದನ್ನು ನೋಡಿದವರು ಆನೆ ಇತ್ತು ಅಂದರು, ಹೆಸರು ಹೇಳಲು ಯಾರಿಗೂ ಆಗಲಿಲ್ಲ. ಒಬ್ಬರಂತೂ ಪಕ್ಕದ ಊರಿನವರ ಬ್ರ್ಯಾಂಡಿನ ಹೆಸರನ್ನೇ ಹೇಳಿದರು. ಹೊಸದನ್ನು ನೋಡಿದವರು ಓರೆಕೋರೆಯಾಗಿಯಾದರೂ ಬರೆದರು.

ಆದರೆ ಈ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಮೊದಲ ಚಿತ್ರದಲ್ಲಿ ಗಳ ನೆಟ್ಟಗಿತ್ತು, ತುಂಡುಗಳು ಎದುರುಬದುರು ಇದ್ದವು. ಕೆಲವರಿಗೆ ಅದು ಮೀನಿನ ಮುಳ್ಳಿನ ಹಾಗೆ ಕಂಡಿತು. ಜೀಪಿನವರು "ಕರೆಂಟ್ ಕಂಬ ಅಲ್ವಾ?" ಅಂದರು. ಆ ಮಾತು ಕೇಳಿ ಅಕ್ಕ ಸುಮ್ಮನಾದರು. ಕೊಡಗಿನಲ್ಲಿ ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕಾರ್ಮಿಕರು ಸತ್ತದ್ದು ಒಂದೆರಡು ಸಲ ಅಲ್ಲ. "ನಮ್ಮ ತೋಟಕ್ಕೆ ಆ ಏಣಿ ತರಿಸಿಲ್ಲ, ತರಿಸೋದೂ ಇಲ್ಲ. ಬಿದಿರಿನದೇ ಅಂತ ನೋಡಿದ ಕೂಡಲೇ ಗೊತ್ತಾಗ್ಬೇಕು. ಹಾಗಾದ್ರೆ ಹಾಕಿ." ಅವರು ಒಪ್ಪಿದ್ದು ಹೀಗೆ. ಏಣಿ ಚೆಂದ ಅಂತ ಒಪ್ಪಿದ್ದಲ್ಲ.

ಆ ಮಾತು ಚಿತ್ರವನ್ನು ಪೂರ್ತಿ ಬದಲಾಯಿಸಿತು. ಗಳವನ್ನು ಮರಕ್ಕೆ ಒರಗಿಸಿದಷ್ಟು ಓರೆ ಮಾಡಿದೆ. ಬುಡ ದಪ್ಪ, ತುದಿ ತೆಳು, ಬಿದಿರು ಇರುವುದೇ ಹಾಗೆ. ತುಂಡುಗಳನ್ನು ಎದುರುಬದುರು ಬಿಟ್ಟು ಒಂದಾದ ಮೇಲೊಂದು ಎಡಬಲಕ್ಕೆ ಇಟ್ಟೆ, ತುದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದೆ. ತುಂಡು ಹೊರಡುವಲ್ಲಿ ಗಿಣ್ಣಿನ ಉಬ್ಬು ಕೊಟ್ಟೆ. ಆರು ತುಂಡು ಇದ್ದದ್ದನ್ನು ನಾಲ್ಕಕ್ಕೆ ಇಳಿಸಿದೆ, ಯಾಕೆಂದರೆ ಚಿಕ್ಕ ಅಳತೆಯಲ್ಲಿ ಆರೂ ಅಂಟಿಕೊಂಡು ಬಾಚಣಿಗೆ ಆಗುತ್ತಿತ್ತು. ಮತ್ತೆ ತೋರಿಸಿದಾಗ ಕಂಬ ಅಂದವರು ಇರಲಿಲ್ಲ.

‘ಳ್ಳ’ ಎಂಬ ಅಕ್ಷರ

ಚಿತ್ರಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಅಕ್ಷರ. ಕನ್ನಡದಲ್ಲಿ ಲೋಗೋ ಮಾಡುವವರು ಸಾಮಾನ್ಯವಾಗಿ ಇಂಗ್ಲಿಷ್ ಹೆಸರಿಗೆ ಜಾಗ ಗುರುತು ಮಾಡಿಟ್ಟು, ಅದೇ ಪಟ್ಟಿಯೊಳಗೆ ಕನ್ನಡವನ್ನು ತುರುಕುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೆ ಕೆಳಗೆ ಏನೂ ಚಾಚುವುದಿಲ್ಲ. ನಮ್ಮದು ಹಾಗಲ್ಲ. ಮೇಲೆ ತಲಕಟ್ಟು, ಗುಣಿಸು. ಕೆಳಗೆ ಒತ್ತು. ಪಟ್ಟಿಯೊಳಗೆ ಕೂರಿಸಲು ಎಲ್ಲವನ್ನೂ ಕುಗ್ಗಿಸಿದರೆ ಮೂಲ ಅಕ್ಷರವೇ ಸಣ್ಣದಾಗುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಒತ್ತಕ್ಷರದ ಕಾಲು ಕೆಳಗಿನ ಫೋನ್ ನಂಬರಿನ ಮೇಲೆ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ.

ಮೊದಲು ಬಲೂ ತಮ್ಮ ಎಂಬ ದಪ್ಪ ಅಕ್ಷರವಿನ್ಯಾಸದಲ್ಲಿ ಹೆಸರು ಹಾಕಿ ನೋಡಿದೆ. ದೊಡ್ಡದಾಗಿ ಹಾಕಿದಾಗ ಬಲು ಮುದ್ದಾಗಿ ಕಾಣುತ್ತದೆ. ಮೆಣಸಿನ ಪ್ಯಾಕೆಟ್ಟಿನ ಅಳತೆಗೆ ಇಳಿಸಿದರೆ ‘ಳ’ದ ಒಳಗಿನ ಸುಳಿ ಮಸಿ ತುಂಬಿ ಮುಚ್ಚಿಹೋಯಿತು. ಆಮೇಲೆ ಆನೆಕ್ ಕನ್ನಡ ತೆಗೆದುಕೊಂಡೆ. ಎರಡೂ ಮುಕ್ತ ಪರವಾನಗಿಯವು, ದುಡ್ಡು ಕೊಡದೆ ವ್ಯಾಪಾರಕ್ಕೆ ಬಳಸಬಹುದು, ತಿದ್ದಿಕೊಳ್ಳಲೂಬಹುದು. ಆನೆಕ್‌ನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಸ್ವಲ್ಪ ಅಗಲದ್ದನ್ನು ಆರಿಸಿ, ‘ಳ’ದ ಸುಳಿಯನ್ನು ಕೈಯಾರೆ ಬಿಡಿಸಿ ದೊಡ್ಡದು ಮಾಡಿದೆ. ಒತ್ತನ್ನು ಮೂಲ ಅಕ್ಷರದಷ್ಟೇ ದಪ್ಪ ಗೆರೆಯಲ್ಲಿ ಬರೆದೆ. ಒತ್ತು ಗಾತ್ರದಲ್ಲಿ ಚಿಕ್ಕದು ಅಂತ ಗೆರೆಯನ್ನೂ ತೆಳು ಮಾಡಿದರೆ ಅಚ್ಚಿನಲ್ಲಿ ಮೊದಲು ಅಳಿಸಿಹೋಗುವುದು ಅದೇ.

ಒತ್ತು ಕೆಳಗೆ ಇಳಿಯುವುದನ್ನು ತೊಂದರೆ ಅಂದುಕೊಳ್ಳದೆ ಬಳಸಿಕೊಳ್ಳಲು ಏಣಿಯಿಂದ ಸಾಧ್ಯವಾಯಿತು. ಏಣಿ ಹೆಸರಿನ ಎಡಕ್ಕೆ ನಿಲ್ಲುತ್ತದೆ. ಅದರ ಬುಡ ಮೂಲ ಅಕ್ಷರಗಳ ಸಾಲಿಗೆ ನಿಲ್ಲದೆ ಒತ್ತಿನ ಕೆಳತುದಿಯವರೆಗೂ ಇಳಿಯುತ್ತದೆ. ಎಡಕ್ಕೆ ಏಣಿಯ ಬುಡ, ಬಲಕ್ಕೆ ಒತ್ತು. ಎರಡೂ ಒಂದೇ ಮಟ್ಟ. ಹೆಸರಿನ ಕೆಳಗೆ ನಡುವೆ ಉಳಿಯುವ ಖಾಲಿ ಜಾಗದಲ್ಲಿ ‘ಕಾಫಿಪುಡಿ’ ಅಥವಾ ‘ಕರಿಮೆಣಸು’ ಅಂತ ಸಣ್ಣಗೆ ಕೂರುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಈ ಜೋಡಣೆ.

ಇಂಗ್ಲಿಷ್ ಹೆಸರು ಪ್ಯಾಕೆಟ್ಟಿನ ಬೆನ್ನಿಗೆ ಹೋಯಿತು. ಮಗ ಮೊದಲು ಅಳುಕಿದ. ಆದರೆ ರಸ್ತೆಬದಿಯ ಬೋರ್ಡಿಗೆ ಹೇಗೂ ಕನ್ನಡವೇ ಮುಂದಿರಬೇಕು. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ. ಬೋರ್ಡಿಗೊಂದು, ಪ್ಯಾಕೆಟ್ಟಿಗೊಂದು ರೂಪ ಇಟ್ಟುಕೊಂಡರೆ ಗುರುತು ಎರಡಾಗಿ ಒಡೆಯುತ್ತದೆ. ಕನ್ನಡ ಓದಲು ಬಾರದ ಪ್ರವಾಸಿಗೆ ಏಣಿ ಇದೆಯಲ್ಲ.

ಬಣ್ಣ, ಅಚ್ಚು

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಡಿ ಸಾಲಿನಲ್ಲಿ ಕಂದು, ಹಸಿರು, ಚಿನ್ನದ ಬಣ್ಣ ತುಂಬಿದ್ದವು. ಮಗನಿಗೆ ಹಣ್ಣು ಕಾಫಿಯ ಕೆಂಪು ಇಷ್ಟ. ಮಳೆಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ಅಂಗಡಿಯೊಳಗೆ ಕೆಂಪು ಲೇಬಲ್ ಇಟ್ಟು ನೋಡಿದೆವು. ಕಂದು ಪೌಚಿನ ಮೇಲೆ ಕಪ್ಪಾಗಿ ಕಂಡಿತು. ಅರಿಸಿನ ಹಳದಿ ಸ್ಟಿಕ್ಕರಿನ ಮೇಲೆ ಕಪ್ಪು ಏಣಿ, ಕಪ್ಪು ಹೆಸರು ಬಾಗಿಲಿನಿಂದಲೇ ಕಂಡಿತು. ಅಲ್ಲಿಗೆ ಮುಗಿಯಿತು.

ಲೋಗೋವನ್ನು ಮೊದಲು ಕಪ್ಪು ಬಿಳುಪಿನಲ್ಲೇ ಪೂರ್ತಿ ಮುಗಿಸಿ, ಬಣ್ಣವನ್ನು ಕೊನೆಗೆ ಹಾಕಬೇಕು. ಇವರ ಲೋಗೋ ಹೋಗಬೇಕಾದ ಜಾಗಗಳನ್ನು ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಕೊರಿಯರ್ ಡಬ್ಬದ ಮೇಲೆ ರಬ್ಬರ್ ಸ್ಟ್ಯಾಂಪು. ಗೋಣಿಚೀಲದ ಮೇಲೆ ತಗಡು ಕೊರೆದು ಹೊಡೆಯುವ ಅಚ್ಚು. ಬಿಲ್ ಪುಸ್ತಕ. ಬಟ್ಟೆ ಚೀಲ. ವಾಟ್ಸ್ಆ್ಯಪ್‌ನ ಗುಂಡು ಚಿತ್ರ. ಇವುಗಳಲ್ಲಿ ಬಹುಪಾಲಿಗೆ ಒಂದೇ ಬಣ್ಣ. ಮುಂದೆ ಪೌಚಿನ ಮೇಲೇ ಅಚ್ಚು ಹಾಕಿಸುವುದಾದರೆ ಒಂದೊಂದು ಬಣ್ಣಕ್ಕೂ ಅಚ್ಚಿನ ಒಂದೊಂದು ಸಿಲಿಂಡರ್ ಮಾಡಿಸಬೇಕು, ಐದು ಬಣ್ಣದ ಆನೆಗೆ ಐದು ಸಿಲಿಂಡರಿನ ಖರ್ಚು. ಆಷಾಢದಲ್ಲಿ ತೇವ ಹಿಡಿದ ರಟ್ಟಿನ ಡಬ್ಬದ ಮೇಲೆ ಸ್ಟ್ಯಾಂಪ್ ಒತ್ತಿದರೆ ಮಸಿ ಹರಡುತ್ತದೆ. ಅದರಲ್ಲೂ ನಾಲ್ಕು ತುಂಡುಗಳು ಬೇರೆ ಬೇರೆ ಕಾಣುತ್ತವೆಯಾ ಅಂತ ಒತ್ತಿ ನೋಡಿಯೇ ತುಂಡುಗಳ ನಡುವಿನ ಅಂತರ ತೀರ್ಮಾನಿಸಿದ್ದು.

ಲೇಬಲ್ಲಿನಲ್ಲಿ ಲೋಗೋ ಒಂದೇ ಇರುವುದಿಲ್ಲ ಎನ್ನುವುದನ್ನೂ ಮರೆಯಬಾರದು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ, ಹಸಿರು ಚುಕ್ಕೆ, ತೂಕ, ಬೆಲೆ, ತಯಾರಿಸಿದ ದಿನ. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಶೇಕಡ ಎಷ್ಟು, ಚಿಕೋರಿ ಎಷ್ಟು ಅಂತ ಬರೆಯಲೇಬೇಕು. ಚಿಕೋರಿ ಶೇ 49 ದಾಟುವಂತಿಲ್ಲ. ಇದಕ್ಕೆಲ್ಲ ಜಾಗ ಬಿಟ್ಟ ಮೇಲೆ ಉಳಿಯುವುದರಲ್ಲಿ ಲೋಗೋ ಉಸಿರಾಡಬೇಕು. ಸುತ್ತ ಕನಿಷ್ಠ ಒಂದು ಅಕ್ಷರದಷ್ಟು ಖಾಲಿ ಜಾಗ ಅಂತ ನಿಯಮ ಮಾಡಿಕೊಟ್ಟೆ.

ಫೈಲುಗಳ ಬಗ್ಗೆ ಒಂದು ಮಾತು. ಊರಿನ ಪ್ರೆಸ್ಸುಗಳಲ್ಲಿ ಕೆಲಸ ನಡೆಯುವುದು ಕೋರೆಲ್‌ಡ್ರಾ ಎಂಬ ಸಾಫ್ಟ್‌ವೇರಿನಲ್ಲಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಾಗಾಗಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರವಾಗಿ ಬದಲಾಯಿಸಿ, ಹಳೆಯ ಆವೃತ್ತಿಯಲ್ಲೂ ತೆರೆಯುವಂತೆ ಸೇವ್ ಮಾಡಿ, ಜೊತೆಗೆ ಪಿಡಿಎಫ್, ಎಸ್‌ವಿಜಿ ಕೊಟ್ಟೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಲೋಗೋದಿಂದ ಬೋರ್ಡ್ ಮಾಡಿಸಬೇಡಿ. ಹಾಗೆ ಕಳಿಸಿದಾಗ ಚಿತ್ರ ಕುಗ್ಗಿರುತ್ತದೆ, ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ.

ಹಕ್ಕಿನ ಕಾಗದ

ಚಿಕ್ಕ ವ್ಯಾಪಾರಗಳು ಇದನ್ನು ಮುಂದಕ್ಕೆ ಹಾಕುತ್ತಲೇ ಇರುತ್ತವೆ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ವರ್ಗ ವರ್ಗವಾಗಿ ವಿಂಗಡಿಸಿದ್ದಾರೆ. ಕಾಫಿ, ಮೆಣಸು, ಜೇನು ಮೂರೂ 30ನೇ ವರ್ಗದೊಳಗೆ ಬರುತ್ತವೆ, ಹಾಗಾಗಿ ಇವರಿಗೆ ಒಂದೇ ವರ್ಗ ಸಾಕಾಯಿತು. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ₹4,500. ಉಳಿದವರಿಗೆ ₹9,000. ಹೆಸರಿಗೊಂದು, ಏಣಿಗೊಂದು ಬೇರೆ ಬೇರೆ ಅರ್ಜಿ ಹಾಕಿದರು, ಒಂದಕ್ಕೆ ಆಕ್ಷೇಪ ಬಂದರೂ ಇನ್ನೊಂದು ನಿಲ್ಲಲಿ ಅಂತ. ಏಣಿಯನ್ನು ಕಪ್ಪು ಬಿಳುಪಿನಲ್ಲೇ ಕೊಟ್ಟದ್ದು ಬೇಕೆಂದೇ. ಬಣ್ಣದ ಮಿತಿ ಹಾಕದೆ ನೋಂದಾಯಿಸಿದ ಮಾರ್ಕ್ ಎಲ್ಲ ಬಣ್ಣಕ್ಕೂ ಅನ್ವಯಿಸುತ್ತದೆ. ಅರ್ಜಿ ಒಪ್ಪಿಗೆಯಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವವರೆಗೆ ಪ್ಯಾಕೆಟ್ಟಿನ ಮೇಲೆ ‘ಟಿಎಂ’ ಹಾಕಬಹುದು. ವೃತ್ತದೊಳಗಿನ ‘ಆರ್’ ಹಾಕುವಂತಿಲ್ಲ.

ಇನ್ನೊಂದು ಕಾಗದ ನನ್ನ ಮತ್ತು ಅವರ ನಡುವಿನದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ, ದುಡ್ಡು ಕೊಟ್ಟ ಮಾತ್ರಕ್ಕೆ ಹೊರಗಿನ ಕಲಾವಿದ ಬರೆದ ಲೋಗೋ ನಿಮ್ಮದಾಗುವುದಿಲ್ಲ. ಲಿಖಿತವಾಗಿ ವರ್ಗಾಯಿಸಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾನೂನು ಲೆಕ್ಕ ಹಾಕುತ್ತದೆ. ಹಾಗಾಗಿ ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೂ ಅಂತ ಸ್ಪಷ್ಟವಾಗಿ ಬರೆದು ಸಹಿ ಮಾಡಿಕೊಟ್ಟೆ. ಲೋಗೋ ಮಾಡಿಸುವ ಎಲ್ಲರೂ ಈ ಹಾಳೆಯನ್ನು ಕೇಳಿ ಪಡೆಯಬೇಕು. ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೆಲಸ ಮಾಡಿಸಬೇಡಿ.

ಈಗ

ಹಳೆಯ ಸ್ಟಿಕ್ಕರುಗಳನ್ನು ಒಮ್ಮೆಲೇ ಎಸೆಯಲಿಲ್ಲ. ಮೊದಲು ಕಾಫಿಪುಡಿಗೆ ಹೊಸದು, ಸ್ಟಾಕ್ ಮುಗಿದ ಮೇಲೆ ಮೆಣಸಿಗೆ. ಸ್ವಲ್ಪ ಕಾಲ ಹಳದಿ ಲೇಬಲ್ಲಿನ ಮೂಲೆಯಲ್ಲಿ ‘ಅದೇ ಪುಡಿ, ಹೊಸ ಗುರುತು’ ಅಂತ ಒಂದು ಸಾಲು ಇತ್ತು. ಹಳೆಯ ಗಿರಾಕಿಗಳಲ್ಲಿ ಕೆಲವರು "ಆನೆ ಎಲ್ಲಿ ಹೋಯ್ತು?" ಅಂತ ಕೇಳಿದರಂತೆ. ಕುಶಾಲನಗರದ ಅಂಗಡಿಯವರು ಈಗ ಫೋನಿನಲ್ಲಿ ಮಾಲು ಕೇಳುವಾಗ "ಏಣಿ ಒಂದು ಡಬ್ಬ ಕಳಿಸಿ" ಅನ್ನುತ್ತಾರೆ, ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ಮಗನಿಗೆ ಇದರಿಂದ ಸ್ವಲ್ಪ ಬೇಜಾರು. ನನಗೆ ಬೇಕಾಗಿದ್ದು ಅದೇ. ವ್ಯಾಪಾರ ಎಷ್ಟು ಜಾಸ್ತಿ ಆಯಿತು ಅಂತ ಲೋಗೋ ಒಂದರ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ. ಅದೇ ಹೊತ್ತಿಗೆ ಅವರು ಇನ್ನೆರಡು ಅಂಗಡಿಗೆ ಮಾಲು ಹಾಕಲು ಶುರು ಮಾಡಿದ್ದರು.

ಜೇನಿನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಏಣಿ ಅಲ್ಲಿಗೂ ಹೊಂದುತ್ತದೆ ಅನ್ನುವುದು ಮಗನ ವಾದ. ಇವರ ಜೇನು ಪೆಟ್ಟಿಗೆಯದು. ಏಣಿ ನೋಡಿದವರು ಮರ ಹತ್ತಿ ತೆಗೆದ ಹೆಜ್ಜೇನು ಅಂದುಕೊಂಡರೆ ಅದು ಸುಳ್ಳು ಹೇಳಿದ ಹಾಗೆ ಅನ್ನುವುದು ಅಕ್ಕನ ವಾದ. ನಾನು ಅಕ್ಕನ ಕಡೆ. ಬಾಟಲಿಯ ಮುಂದೆ ಬರೀ ಹೆಸರು ಹಾಕಿ, ಏಣಿಯನ್ನು ಮುಚ್ಚಳದ ಸೀಲಿನ ಮೇಲೆ ಮಾತ್ರ ಇಟ್ಟು, ‘ಪೆಟ್ಟಿಗೆ ಜೇನು’ ಅಂತ ದಪ್ಪಗೆ ಬರೆದ ಒಂದು ಮಾದರಿ ಕಳಿಸಿದ್ದೇನೆ. ಈ ವರ್ಷದ ಜೇನು ಬಾಟಲಿಗೆ ಇಳಿಯುವ ಮೊದಲು ಅವರಿಬ್ಬರೂ ಒಂದು ತೀರ್ಮಾನಕ್ಕೆ ಬರಬೇಕು.